ಬೈದುಕೊಂಡರೆ ಬುದ್ಧಿ ಬರುತ್ತದೆಯೇ?

ಕಾಲೇಜು ಹುಡುಗಿಯರನ್ನು ಪ್ರಯೋಗಾಲಯಕ್ಕೆ ಕರೆದು ಡೋನಟ್ ತಿನ್ನಿಸಿದ ಅಧ್ಯಯನವೊಂದಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಅದನ್ನು 2007ರಲ್ಲಿ ಪ್ರಕಟಿಸಿದರು. ಎಣ್ಣೆಯಲ್ಲಿ ಕರಿದು ಸಕ್ಕರೆ ಸವರಿದ ಈ ತಿಂಡಿ ಈಗ ನಮ್ಮ ಬೇಕರಿಗಳ ಗಾಜಿನ ಕಪಾಟಿನಲ್ಲೂ ಬಂದು ಕೂತಿದೆ. ಡಯಟ್ ಮಾಡುವವರು ಕಣ್ಣೆತ್ತಿಯೂ ನೋಡಬಾರದ ಪದಾರ್ಥ. ಅಂಥವರಿಗೇ ಇಲ್ಲಿ ಅದನ್ನು ತಿನ್ನಲು ಹೇಳಲಾಯಿತು. ತಿಂದಾದ ಮೇಲೆ ಕೆಲವರಿಗೆ ಮಾತ್ರ, ಲೋಕಾಭಿರಾಮದ ಧಾಟಿಯಲ್ಲಿ, ಒಂದೆರಡು ಸಮಾಧಾನದ ಮಾತು ಸಿಕ್ಕಿತು. ಎಲ್ಲರೂ ಒಮ್ಮೊಮ್ಮೆ ಇಂಥದ್ದನ್ನು ತಿನ್ನುತ್ತಾರೆ, ಇಲ್ಲಿಗೆ ಬಂದವರೆಲ್ಲ ತಿಂದಿದ್ದಾರೆ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ ಎಂಬ ಅರ್ಥದ ಮಾತು. ಉಳಿದವರಿಗೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ಬಗೆಬಗೆಯ ಮಿಠಾಯಿಗಳನ್ನು ಮುಂದಿಟ್ಟು, ರುಚಿ ನೋಡಿ ಅಂಕ ಕೊಡಿ, ಎಷ್ಟು ಬೇಕಾದರೂ ತಿನ್ನಿ ಎಂದರು. ಅಂಕ ಬರೀ ನೆಪ. ಯಾರು ಎಷ್ಟು ತಿಂದರು ಎಂಬುದೇ ಅವರಿಗೆ ಬೇಕಾಗಿದ್ದ ಲೆಕ್ಕ.

ಏನಾಗಬಹುದೆಂದು ನಮ್ಮ ಮನೆಯ ಯಾವ ಹಿರಿಯರನ್ನು ಕೇಳಿದ್ದರೂ ಉತ್ತರ ಒಂದೇ ಇರುತ್ತಿತ್ತು: ಸಮಾಧಾನ ಹೇಳಿಸಿಕೊಂಡವರು ಸಲಿಗೆ ಸಿಕ್ಕಿತೆಂದು ಇನ್ನಷ್ಟು ತಿಂದಿರುತ್ತಾರೆ, ಅಳುಕು ಉಳಿದವರು ಕೈ ಹಿಂದೆಗೆದಿರುತ್ತಾರೆ. ಆದದ್ದು ತಿರುವುಮುರುವು. ಊಟದಲ್ಲಿ ಕಟ್ಟುನಿಟ್ಟಾಗಿದ್ದ ಹುಡುಗಿಯರ ಪೈಕಿ ಹೆಚ್ಚು ಮಿಠಾಯಿ ತಿಂದವರು ಅಳುಕಿನಲ್ಲೇ ಕೂತವರು. ಸಮಾಧಾನದ ಮಾತು ಕಿವಿಗೆ ಬಿದ್ದವರು ಕಡಿಮೆ ತಿಂದರು.

ಇದರ ಅರ್ಧ ಕತೆ ಮೊದಲೇ ಗೊತ್ತಿತ್ತು. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬವರು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಕೊಟ್ಟು ನೋಡಿದ್ದರು. ತಿನ್ನುವುದರಲ್ಲಿ ವಿಶೇಷ ಕಟ್ಟುಪಾಡಿಲ್ಲದವರು ಹೊಟ್ಟೆ ತುಂಬಿದ್ದರಿಂದ ಐಸ್‌ಕ್ರೀಮನ್ನು ಕಡಿಮೆ ತಿಂದರು. ಡಯಟ್ ಮಾಡುವವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು. ಹರ್ಮನ್ ಮತ್ತು ಅವರ ಸಹೋದ್ಯೋಗಿ ಜಾನೆಟ್ ಪೊಲಿವಿ ಮುಂದೆ ಈ ವರ್ತನೆಗೆ ಸ್ವಲ್ಪ ಒರಟಾದ ಇಂಗ್ಲಿಷ್ ಹೆಸರೊಂದನ್ನು ಕೊಟ್ಟರು. ನಮ್ಮಲ್ಲಿ ಅದಕ್ಕೆ ಗಾದೆಯೇ ಇದೆ: ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು! ವ್ರತ ಹೇಗೂ ಕೆಟ್ಟಿತು, ಇನ್ನು ಇವತ್ತಿನ ಮಟ್ಟಿಗೆ ಲೆಕ್ಕ ಯಾಕೆ? ಆಡಮ್ಸ್ ಮತ್ತು ಲಿಯರಿ ಇದಕ್ಕೆ ಸೇರಿಸಿದ್ದು ಒಂದು ಮುಖ್ಯ ಮಾತು. ವ್ರತ ಕೆಟ್ಟದ್ದಕ್ಕಿಂತ, ಕೆಟ್ಟಿತಲ್ಲಾ ಎಂಬ ಸಂಕಟವೇ ಹೆಚ್ಚು ತಿನ್ನಿಸುತ್ತದೆ. ಆ ಸಂಕಟ ತಗ್ಗಿದರೆ ಕೈಗೆ ಹಿಡಿತ ಮರಳುತ್ತದೆ.

ಈ ಮಾತು ನಮ್ಮ ತಲೆಗೆ ಸುಲಭವಾಗಿ ಇಳಿಯುವಂಥದ್ದಲ್ಲ. ದಂಡಂ ದಶಗುಣಂ ಎಂದು ನಂಬಿ ಬೆಳೆದವರು ನಾವು. ಬೆತ್ತವಿಲ್ಲದ ಮೇಷ್ಟ್ರನ್ನು ಒಂದು ಕಾಲದಲ್ಲಿ ಊರಿನವರೇ ನಂಬುತ್ತಿರಲಿಲ್ಲ. ‘ನಾಲ್ಕು ಬಿಗೀರಿ ಸ್ವಾಮಿ, ನಾವೇನೂ ಕೇಳಲ್ಲ’ ಎಂದು ಮಕ್ಕಳನ್ನು ಶಾಲೆಗೆ ಒಪ್ಪಿಸಿ ಹೋಗುತ್ತಿದ್ದ ಅಪ್ಪಂದಿರು ಎಷ್ಟು ಜನವಿಲ್ಲ! 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಆದರೆ ಆ ಹೊತ್ತಿಗಾಗಲೇ ಶಾಲೆ ಮುಗಿಸಿದ್ದವರ ಒಳಗೆ ಒಬ್ಬ ಮೇಷ್ಟ್ರು ಬೆತ್ತ ಹಿಡಿದು ಖಾಯಂ ಆಗಿದ್ದ. ಅವನಿಗೆ ಯಾವ ಕಾಯ್ದೆಯೂ ಅನ್ವಯಿಸುವುದಿಲ್ಲ. ಅವನನ್ನು ಕೆಲಸದಿಂದ ತೆಗೆದರೆ ನಾನು ಸೋಮಾರಿಯಾಗಿಬಿಡುತ್ತೇನೆ ಎಂಬ ಭಯ ಬಹುತೇಕ ಎಲ್ಲರಿಗೂ ಇದೆ. ಈ ಅಧ್ಯಾಯ ಇರುವುದು ಆ ಭಯದ ಬಗ್ಗೆ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ನೋಡಬಹುದು, ನೋಡಿಯೂ ಇದ್ದಾರೆ.

ಕೆನಡಾದ ಆಟಾವಾದಲ್ಲಿರುವ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್, ತಿಮೋತಿ ಪಿಚಿಲ್ ಮತ್ತು ಶಾನನ್ ಬೆನೆಟ್ ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಉದ್ದಕ್ಕೂ ಗಮನಿಸಿದರು. ವಿಷಯ, ಓದುವುದನ್ನು ಮುಂದೂಡುವ ಚಾಳಿ. ನಾಳೆ ಓದಿದರಾಯಿತು ಎನ್ನುತ್ತ ಪರೀಕ್ಷೆಯ ಹಿಂದಿನ ರಾತ್ರಿಗೆ ಬಂದು ನಿಲ್ಲುವ ಈ ರೋಗಕ್ಕೆ ದೇಶಭೇದವಿಲ್ಲ. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದವರಲ್ಲಿ ಕೆಲವರು ತಮ್ಮನ್ನು ತಾವು ಕ್ಷಮಿಸಿಕೊಂಡಿದ್ದರು, ಕೆಲವರು ಇಲ್ಲ. ಎರಡನೆಯ ಪರೀಕ್ಷೆಯ ಹೊತ್ತಿಗೆ ಮುಂದೂಡುವುದನ್ನು ಕಡಿಮೆ ಮಾಡಿದ್ದವರು ಕ್ಷಮಿಸಿಕೊಂಡವರೇ. 2010ರಲ್ಲಿ ಪ್ರಕಟವಾದ ಈ ವರದಿ ಕಾರಣವನ್ನೂ ಸೂಚಿಸುತ್ತದೆ: ಕ್ಷಮಿಸಿಕೊಂಡವರಿಗೆ ಓದಿನ ಜೊತೆ ಅಂಟಿಕೊಂಡಿದ್ದ ಕಹಿ ಕಡಿಮೆಯಾಗಿತ್ತು. ಬೈದುಕೊಂಡವರಿಗೆ ಪುಸ್ತಕ ಕಂಡರೆ ತಮ್ಮ ಅಯೋಗ್ಯತೆಯೇ ಕಣ್ಣ ಮುಂದೆ ಬರುತ್ತಿತ್ತು. ಅಂಥ ಪುಸ್ತಕವನ್ನು ಯಾರು ತಾನೇ ತೆರೆದಾರು?

ಇಲ್ಲಿ ಒಂದು ಸೂಕ್ಷ್ಮವಿದೆ. ಬೈದುಕೊಳ್ಳುವುದೆಲ್ಲ ಒಂದೇ ಬಗೆಯದಲ್ಲ. 1979ರಲ್ಲಿ ರಾನಿ ಜಾನಫ್-ಬುಲ್ಮನ್ ಎಂಬ ಮನೋವಿಜ್ಞಾನಿ ಎರಡು ಬಗೆಯ ಆತ್ಮದೂಷಣೆಯನ್ನು ಬೇರ್ಪಡಿಸಿದರು. ಒಂದು, ಮಾಡಿದ ಕೆಲಸವನ್ನು ದೂರುವುದು: ‘ಅರ್ಜಿಯನ್ನು ಎರಡು ದಿನ ಮೊದಲೇ ಕಳಿಸಬೇಕಿತ್ತು.’ ಇನ್ನೊಂದು, ಮಾಡಿದ ಮನುಷ್ಯನನ್ನೇ ದೂರುವುದು: ‘ಥೂ, ನನ್ನ ಜನ್ಮಕ್ಕಿಷ್ಟು!’ ಮೊದಲನೆಯದರಲ್ಲಿ ಮುಂದಿನ ಸಲ ಏನು ಮಾಡಬೇಕೆಂಬುದು ಅಡಗಿದೆ. ಎರಡನೆಯದರಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಅರ್ಜಿಯನ್ನು ಬೇಗ ಕಳಿಸಬಹುದು, ಜನ್ಮವನ್ನು ಬದಲಿಸಲಾಗದು. ಮನೋವಿಜ್ಞಾನದವರು ಆತ್ಮನಿಂದೆ ಎಂದು ಆತಂಕಪಡುವುದು ಈ ಎರಡನೆಯದರ ಬಗ್ಗೆ. ತಪ್ಪನ್ನು ತಪ್ಪೆಂದು ಕಾಣುವುದು ಬೇಡ ಎಂದು ಅವರಲ್ಲಿ ಯಾರೂ ಹೇಳಿಲ್ಲ.

ಹಾಗಾದರೆ ಮದ್ದೇನು? ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕ ಕೊಟ್ಟ ಉತ್ತರ ‘ನಿನ್ನ ಬಗ್ಗೆ ಹೆಮ್ಮೆ ಪಡು’ ಎಂಬುದಾಗಿತ್ತು. ಆತ್ಮಗೌರವಕ್ಕೆ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಒಂದು ಸೂತ್ರ ಬರೆದಿದ್ದರು: ನಮ್ಮ ಯಶಸ್ಸನ್ನು ನಮ್ಮ ಆಕಾಂಕ್ಷೆಯಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ನೂರು ವರ್ಷದ ಬಳಿಕ ಅದು ಸರ್ಕಾರಿ ಕಾರ್ಯಕ್ರಮವೇ ಆಯಿತು. ಕ್ಯಾಲಿಫೋರ್ನಿಯಾದ ಶಾಸಕ ಜಾನ್ ವಾಸ್ಕನ್‌ಸೆಲಸ್ ಅವರ ಒತ್ತಾಯದಿಂದ 1986ರಲ್ಲಿ ಆತ್ಮಗೌರವ ಹೆಚ್ಚಿಸಲು ಒಂದು ಕಾರ್ಯಪಡೆ ರಚನೆಯಾಯಿತು, 1990ರಲ್ಲಿ ಅದರ ವರದಿ ಬಂತು. ಜನರಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆ ಬಂದರೆ ಅಪರಾಧ, ಮಾದಕ ವ್ಯಸನ, ಶಾಲೆಯಲ್ಲಿನ ಸೋಲು ಎಲ್ಲವೂ ತಗ್ಗುತ್ತವೆ ಎಂಬುದು ಕನಸು. ಮಕ್ಕಳಿಗೆ ‘ನೀನು ವಿಶೇಷ’ ಎಂದು ಹೇಳಿಕೊಡುವ ಪಾಠಗಳು ಶಾಲೆಗಳನ್ನು ಹೊಕ್ಕವು.

2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸಹೋದ್ಯೋಗಿಗಳು ಅಲ್ಲಿಯವರೆಗಿನ ಸಂಶೋಧನೆಯನ್ನೆಲ್ಲ ಜಾಲಾಡಿ ಈ ಕನಸಿನ ಗಾಳಿ ತೆಗೆದರು. ಆತ್ಮಗೌರವ ಹೆಚ್ಚಿರುವವರು ಸಂತೋಷವಾಗಿರುತ್ತಾರೆ, ಹೊಸ ಕೆಲಸಕ್ಕೆ ತಾವೇ ಮುಂದಾಗುತ್ತಾರೆ, ಅಷ್ಟು ನಿಜ. ಆದರೆ ಆತ್ಮಗೌರವ ಹೆಚ್ಚಿಸಿದ್ದರಿಂದ ಅಂಕ ಹೆಚ್ಚಿತು, ಕುಡಿತ ಸಿಗರೇಟು ಕಡಿಮೆಯಾಯಿತು ಎನ್ನಲು ಪುರಾವೆ ಇರಲಿಲ್ಲ. ಅಂಕ ಬಂದದ್ದರಿಂದ ಹೆಮ್ಮೆ ಬಂತೇ ಹೊರತು ಹೆಮ್ಮೆಯಿಂದ ಅಂಕ ಬಂದದ್ದಲ್ಲ. ಜೇಮ್ಸರ ಸೂತ್ರದಲ್ಲೇ ತೊಡಕಿತ್ತು ಎಂದು ನನಗನ್ನಿಸುತ್ತದೆ. ಭಾಗಾಕಾರದ ಮೇಲಿನ ಸಂಖ್ಯೆ ಯಶಸ್ಸಾದರೆ, ಸೋತ ದಿನ ಉತ್ತರ ಸೊನ್ನೆ. ಆಸರೆ ಬೇಕಾದ ದಿನವೇ ಕೈಕೊಡುವ ನೆಂಟ ಅದು. ಅಷ್ಟೇ ಅಲ್ಲ, ನಾನು ಗೆದ್ದೆನೆಂದು ಅನ್ನಿಸಬೇಕಾದರೆ ಇನ್ನೊಬ್ಬರು ಸೋತಿರಬೇಕು. ನಾವೆಲ್ಲರೂ ಸರಾಸರಿಗಿಂತ ಮೇಲಿರಲು ಗಣಿತ ಒಪ್ಪುವುದಿಲ್ಲ.

ಅದೇ 2003ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಎಂಬ ಯುವ ಪ್ರಾಧ್ಯಾಪಕಿ ಎರಡು ಲೇಖನ ಪ್ರಕಟಿಸಿದರು. ಒಂದರಲ್ಲಿ ಆತ್ಮಗೌರವಕ್ಕೆ ಬದಲಾಗಿ ಸ್ವಕರುಣೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು, ಇನ್ನೊಂದರಲ್ಲಿ ಅದನ್ನು ಅಳೆಯಲು 26 ವಾಕ್ಯಗಳ ಪ್ರಶ್ನಾವಳಿ ಕೊಟ್ಟರು. ನೆಫ್ ನಮಗೆ ಪೂರ್ತಿ ಹೊರಗಿನವರಲ್ಲ. ಬರ್ಕ್ಲಿಯಲ್ಲಿ ಪಿಎಚ್.ಡಿ. ಮಾಡುವಾಗ ಅವರು ಕ್ಷೇತ್ರಕಾರ್ಯ ನಡೆಸಿದ್ದು ಮೈಸೂರಿನಲ್ಲಿ. ಗಂಡ ಹೆಂಡಿರ ನಡುವೆ ಯಾರ ಸ್ವಾತಂತ್ರ್ಯ ಎಲ್ಲಿಯವರೆಗೆ, ಯಾರ ಹೊಣೆ ಎಷ್ಟು ಎಂದು ಮೈಸೂರಿನ ಎಳೆಯರು ಹೇಗೆ ಯೋಚಿಸುತ್ತಾರೆ ಎಂಬುದು ಅವರ ವಿಷಯವಾಗಿತ್ತು. ಆ ಲೇಖನ 2001ರಲ್ಲಿ ಅಚ್ಚಾಯಿತು. ಹಾಗೆಂದು ಸ್ವಕರುಣೆಯ ಪಾಠ ಅವರಿಗೆ ದೇವರಾಜ ಅರಸ್ ರಸ್ತೆಯಲ್ಲಿ ಸಿಕ್ಕಿತೆಂದು ಬೀಗುವ ಹಾಗಿಲ್ಲ. ಅದು ಸಿಕ್ಕಿದ್ದು ಬೌದ್ಧ ಧ್ಯಾನದ ಅಭ್ಯಾಸದಲ್ಲಿ. ಐದನೆಯ ಶತಮಾನದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗ, ಮೈತ್ರಿಯ ಧ್ಯಾನವನ್ನು ತನ್ನಿಂದಲೇ ಶುರುಮಾಡು, ಆಮೇಲೆ ಬೇಕಾದವರು, ಬೇಡವಾದವರು ಎಂದು ಹಬ್ಬಿಸುತ್ತ ಹೋಗು ಎನ್ನುತ್ತದೆ. ಪಿಎಚ್.ಡಿ. ಮುಗಿಸಿದ ಮೇಲೆ ನೆಫ್ ಡೆನ್ವರಿನಲ್ಲಿ ಆತ್ಮಗೌರವದ ತಜ್ಞೆ ಸೂಸನ್ ಹಾರ್ಟರ್ ಅವರ ಬಳಿ ಎರಡು ವರ್ಷ ಕೆಲಸ ಮಾಡಿದರು. ಆತ್ಮಗೌರವದ ಇಕ್ಕಟ್ಟುಗಳನ್ನು ಹತ್ತಿರದಿಂದ ಕಂಡದ್ದು ಅಲ್ಲಿ.

ನೆಫ್ ಹೇಳುವ ಸ್ವಕರುಣೆಗೆ ಮೂರು ಮುಖ. ತನ್ನನ್ನು ಹಳಿಯುವ ಬದಲು ತನ್ನೊಡನೆ ಮೃದುವಾಗಿರುವುದು ಮೊದಲನೆಯದು. ಇದನ್ನು ಎಲ್ಲರೂ ಸುಲಭವಾಗಿ ಊಹಿಸುತ್ತಾರೆ, ಅಲ್ಲಿಗೇ ನಿಲ್ಲಿಸಿಯೂ ಬಿಡುತ್ತಾರೆ. ಬೆಂಗಳೂರಿನ ಸ್ಪಾಗಳ ಜಾಹೀರಾತಿಗೆ ಇಷ್ಟೇ ಸಾಕು. ಆದರೆ ನನ್ನ ದೃಷ್ಟಿಯಲ್ಲಿ ಎರಡನೆಯದೇ ಮುಖ್ಯ: ಸೋಲು, ಕುಂದು, ತಪ್ಪು ಇವು ನನ್ನೊಬ್ಬನ ಗುಟ್ಟಲ್ಲ, ಮನುಷ್ಯರೆಲ್ಲರ ಪಾಲು ಎಂಬ ಅರಿವು. ಕೆಲಸ ಹೋದವನು ನೆಂಟರ ಮದುವೆಗೆ ಹೋಗುವುದನ್ನು ಬಿಡುತ್ತಾನೆ. ಫೇಲಾದವಳು ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಿಂದ ಸದ್ದಿಲ್ಲದೆ ಹೊರಬರುತ್ತಾಳೆ. ನೋವಿಗಿಂತ ಈ ಒಂಟಿತನವೇ ಹೆಚ್ಚು ಹಿಂಡುತ್ತದೆ. ಆತ್ಮಮರುಕಕ್ಕೂ ಸ್ವಕರುಣೆಗೂ ಇರುವ ಗೆರೆ ಇಲ್ಲಿಯೇ. ‘ನನಗೇ ಯಾಕೆ ಹೀಗೆ?’ ಎನ್ನುವುದು ಮರುಕ, ‘ಇದು ನನಗೂ ಬಂತು’ ಎನ್ನುವುದು ಕರುಣೆ. ಮೂರನೆಯದು, ನೋವನ್ನು ಇದ್ದಷ್ಟೇ ನೋಡುವುದು. ಇಲ್ಲವೆಂದು ಮುಚ್ಚಿಡುವುದೂ ಇಲ್ಲ, ಅದನ್ನೇ ಬೆಳೆಸಿ ಅದರಲ್ಲಿ ಮುಳುಗುವುದೂ ಇಲ್ಲ.

ಹೆಮ್ಮೆ ತುಂಬುವುದಕ್ಕೂ ಕರುಣೆ ತೋರುವುದಕ್ಕೂ ಇರುವ ವ್ಯತ್ಯಾಸವನ್ನು ಬರ್ಕ್ಲಿಯ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಒಂದೇ ಪ್ರಯೋಗದಲ್ಲಿ ಎದುರುಬದುರು ನಿಲ್ಲಿಸಿದರು. ಅವರು 2012ರಲ್ಲಿ ಪ್ರಕಟಿಸಿದ ನಾಲ್ಕು ಪ್ರಯೋಗಗಳಲ್ಲಿ ಇದೊಂದು. ವಿದ್ಯಾರ್ಥಿಗಳಿಗೆ ಬೇಕೆಂದೇ ಕಠಿಣವಾದ ಪದಜ್ಞಾನದ ಪರೀಕ್ಷೆ ಕೊಟ್ಟರು. ಹೆಚ್ಚಿನವರು ಎಡವಿದರು. ಒಂದು ಗುಂಪಿಗೆ, ಇದು ಎಲ್ಲರಿಗೂ ಕಷ್ಟವಾಗುವ ಪರೀಕ್ಷೆ, ನಿಮ್ಮ ಮೇಲೆ ನೀವೇ ಮುನಿಯಬೇಡಿ ಎಂದು ತಿಳಿಸಿದರು. ಇನ್ನೊಂದು ಗುಂಪಿಗೆ, ಬೇಸರ ಬೇಡ, ಬರ್ಕ್ಲಿಗೆ ಸೀಟು ಸಿಕ್ಕಿದೆಯೆಂದರೆ ನೀವು ಜಾಣರೇ ಎಂದು ಬೆನ್ನು ತಟ್ಟಿದರು. ಮೂರನೆಯ ಗುಂಪಿಗೆ ಏನೂ ಇಲ್ಲ. ಆಮೇಲೆ ಇನ್ನೊಂದು ಪರೀಕ್ಷೆ ಇದೆ, ಬೇಕಾದಷ್ಟು ಹೊತ್ತು ಓದಿಕೊಳ್ಳಿ ಎಂದರು. ಹೆಚ್ಚು ಹೊತ್ತು ಕೂತು ಓದಿದವರು ಕರುಣೆಯ ಮಾತು ಕೇಳಿದವರು. ಜಾಣರೆಂದು ಹೊಗಳಿಸಿಕೊಂಡವರು ಅವರಷ್ಟು ಓದಲಿಲ್ಲ. ಎರಡೂ ಮಾತು ಮೇಲ್ನೋಟಕ್ಕೆ ಸಿಹಿಯೇ. ಆದರೆ ಒಂದು ಸೋಲನ್ನು ಒಪ್ಪಿಕೊಳ್ಳಲು ಬಿಡುತ್ತದೆ, ಇನ್ನೊಂದು ಅದನ್ನು ಮರೆಸುತ್ತದೆ.

ಸ್ವಕರುಣೆಯೆಂದರೆ ತನ್ನ ಹುಳುಕಿಗೆ ತಾನೇ ಪರದೆ ಎಳೆದುಕೊಳ್ಳುವುದು ಎಂಬ ಆಕ್ಷೇಪಕ್ಕೂ ಉತ್ತರವಿದೆ. ಮಾರ್ಕ್ ಲಿಯರಿ ಮತ್ತು ಸಂಗಡಿಗರ 2007ರ ಇನ್ನೊಂದು ಅಧ್ಯಯನದಲ್ಲಿ, ಭಾಗವಹಿಸಿದವರಿಂದ ಕ್ಯಾಮೆರಾ ಎದುರು ಮಕ್ಕಳ ಕತೆಯೊಂದನ್ನು ಕಟ್ಟಿ ಹೇಳಿಸಿ, ಆ ವಿಡಿಯೊವನ್ನು ಅವರಿಗೇ ತೋರಿಸಿದರು. ಇಂಥ ವಿಡಿಯೊದಲ್ಲಿ ತಮ್ಮ ಧ್ವನಿ ತಾವೇ ಕೇಳಿ ಮುಜುಗರಪಡದವರು ಅಪರೂಪ. ಸ್ವಕರುಣೆ ಕಡಿಮೆಯಿದ್ದವರು ತಮಗೆ ಕೊಟ್ಟುಕೊಂಡ ಅಂಕ ಹೊರಗಿನ ತೀರ್ಪುಗಾರರು ಕೊಟ್ಟದ್ದಕ್ಕಿಂತ ಕಡಿಮೆಯಿತ್ತು. ಸ್ವಕರುಣೆ ಹೆಚ್ಚಿದ್ದವರ ಅಂಕ ತೀರ್ಪುಗಾರರ ಅಂಕಕ್ಕೆ ಹತ್ತಿರವಿತ್ತು. ಕಣ್ಣಿಗೆ ಪರದೆ ಕಟ್ಟಿದ್ದದ್ದು ಬೈದುಕೊಳ್ಳುವವರಿಗೆ.

ಇದಕ್ಕೆಲ್ಲ ದೇಹದ ಒಳಗಿನ ಕಾರಣವೇನು? ಇಂಗ್ಲೆಂಡಿನ ಡರ್ಬಿಯ ಮನೋವಿಜ್ಞಾನಿ ಪಾಲ್ ಗಿಲ್ಬರ್ಟ್ ಖಿನ್ನತೆಯ ರೋಗಿಗಳಿಗೆ ಚಿಕಿತ್ಸೆ ಕೊಡುವಾಗ ಒಂದು ವಿಚಿತ್ರ ಗಮನಿಸಿದರು. ‘ನಾನು ನಿಷ್ಪ್ರಯೋಜಕ’ ಎಂಬ ಯೋಚನೆಗೆ ಬದಲಾಗಿ ವಾಸ್ತವಕ್ಕೆ ಹತ್ತಿರದ ಯೋಚನೆಯೊಂದನ್ನು ಹುಡುಕಿಕೊಳ್ಳಿ ಎಂದರೆ ರೋಗಿಗಳು ಹುಡುಕುತ್ತಿದ್ದರು. ವಾದ ಸರಿಯಾಗಿಯೇ ಇರುತ್ತಿತ್ತು. ಆದರೂ ಮನಸ್ಸು ಹಗುರವಾಗುತ್ತಿರಲಿಲ್ಲ. ಆ ಸಮಾಧಾನವನ್ನು ತಲೆಯೊಳಗೆ ಯಾವ ದನಿಯಲ್ಲಿ ಹೇಳಿಕೊಳ್ಳುತ್ತೀರಿ ಎಂದು ಕೇಳಿದಾಗ ಗುಟ್ಟು ಹೊರಬಿತ್ತು. ದನಿ ಗದರಿಕೆಯದೇ ಆಗಿತ್ತು. ‘ನಿನ್ನನ್ನು ಪ್ರೀತಿಸುವವರಿದ್ದಾರೆ, ಗೊತ್ತಾಗಲ್ವಾ ನಿನಗೆ?’ ಎಂದು ಸಿಡುಕಿದರೆ ಯಾರಿಗೆ ಸಮಾಧಾನವಾದೀತು!

ಗಿಲ್ಬರ್ಟ್ ಭಾವನೆಗಳನ್ನು ನಿಭಾಯಿಸುವ ವ್ಯವಸ್ಥೆಯನ್ನು ಮೂರಾಗಿ ವಿವರಿಸುತ್ತಾರೆ. ಅಪಾಯ ಕಂಡರೆ ಎಚ್ಚರಿಸುವುದು ಒಂದು, ಬೇಕಾದದ್ದರ ಬೆನ್ನು ಹತ್ತಿಸುವುದು ಇನ್ನೊಂದು, ಸುರಕ್ಷಿತವಾಗಿದ್ದೇನೆ ಎಂದು ತಣಿಸುವುದು ಮೂರನೆಯದು. ಮಗು ಅತ್ತಾಗ ಅಮ್ಮ ಎತ್ತಿಕೊಂಡು ಬೆನ್ನು ಸವರಿದರೆ ಅದರ ಎದೆಬಡಿತ ನಿಧಾನವಾಗುವುದು ಈ ಮೂರನೆಯದರ ಕೆಲಸ. ಹೊರಗಿನಿಂದ ಯಾರೋ ಗದರಿದರೆ ಮೊದಲ ವ್ಯವಸ್ಥೆ ಏಳುತ್ತದೆ. ಒಳಗಿನಿಂದ ನಾವೇ ಗದರಿಕೊಂಡರೂ ಅದೇ ಏಳುತ್ತದೆ. ಹೊರಗಿನ ಶತ್ರುವಿನಿಂದ ಓಡಿಹೋಗಬಹುದು, ಇಲ್ಲಿ ಹೊಡೆಯುವವನೂ ತಿನ್ನುವವನೂ ಒಬ್ಬನೇ, ಓಡುವುದೆಲ್ಲಿಗೆ?

ಮೂರು ಪೆಟ್ಟಿಗೆಗಳ ಈ ಚಿತ್ರ ಚಿಕಿತ್ಸೆಗೆ ಅನುಕೂಲವಾದ ಸರಳೀಕರಣ, ಮಿದುಳಿನಲ್ಲಿ ಹೀಗೆ ಮೂರು ಕೋಣೆಗಳಿಲ್ಲ. ಆದರೂ ಅಳತೆಗೆ ಸಿಗುವ ಕುರುಹುಗಳಿವೆ. 2010ರಲ್ಲಿ ಒಲಿವಿಯಾ ಲಾಂಜ್ ಮತ್ತು ಸಂಗಡಿಗರು, ಸೋಲಿನ ಸಂದರ್ಭಗಳನ್ನು ಓದಿಕೊಂಡು ಒಮ್ಮೆ ತಮ್ಮನ್ನು ಹಳಿದುಕೊಳ್ಳಲು, ಒಮ್ಮೆ ಸಂತೈಸಿಕೊಳ್ಳಲು ಹೇಳಿ ಮಿದುಳಿನ ಸ್ಕ್ಯಾನ್ ತೆಗೆದರು. ಹಳಿದುಕೊಳ್ಳುವಾಗ ತಪ್ಪು ಗುರುತಿಸುವ, ನಡೆಯನ್ನು ತಡೆಯುವ ಕೆಲಸಗಳಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ಸಂತೈಸಿಕೊಳ್ಳುವಾಗ ಚುರುಕಾದ ಭಾಗಗಳು ಬೇರೆಯವರ ನೋವಿಗೆ ಮಿಡಿಯುವಾಗಲೂ ಕಾಣಿಸಿಕೊಳ್ಳುವಂಥವು. 2019ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಹಾನ್ಸ್ ಕಿರ್ಷ್ನರ್ ಮತ್ತು ಸಂಗಡಿಗರು 135 ವಿದ್ಯಾರ್ಥಿಗಳನ್ನು ಐದು ಗುಂಪು ಮಾಡಿ, 11 ನಿಮಿಷದ ಬೇರೆಬೇರೆ ಧ್ವನಿಮುದ್ರಿಕೆ ಕೇಳಿಸಿದರು. ತಮ್ಮ ಬಗ್ಗೆ ಮೃದುವಾಗಿರಲು ಹೇಳಿದ ಮುದ್ರಿಕೆ ಕೇಳಿದವರ ಎದೆಬಡಿತ ತಗ್ಗಿತು, ಬೆವರಿನ ಸೂಚಕವೂ ಇಳಿಯಿತು. ತಮ್ಮ ಕುಂದುಗಳನ್ನೇ ನೆನೆಸಿಕೊಳ್ಳಲು ಹೇಳಿಸಿಕೊಂಡವರಲ್ಲಿ ಎರಡೂ ಏರಿದವು. ದೇಹ ಬೆದರಿದ್ದಾಗ ಹೊಸದನ್ನು ಕಲಿಯುವುದು, ತಪ್ಪಿನ ಬೇರು ಹುಡುಕುವುದು ಕಷ್ಟ. ಗಣಿತದ ಮೇಷ್ಟ್ರು ಕಿವಿ ಹಿಂಡುತ್ತಿರುವಾಗ ಏಳೆಂಟಲ ಎಷ್ಟೆಂಬುದೇ ಮರೆತುಹೋಗುತ್ತಿತ್ತಲ್ಲ.

ಇಷ್ಟಾದರೂ ಕೆಲವು ಅನುಮಾನಗಳನ್ನು ಹೇಳಲೇಬೇಕು, ಏಕೆಂದರೆ ಈ ವಿಷಯದ ಜನಪ್ರಿಯ ಪುಸ್ತಕಗಳು ಅವನ್ನು ಬೇಗ ದಾಟಿಹೋಗುತ್ತವೆ. ಆ್ಯಂಗಸ್ ಮ್ಯಾಕ್‌ಬೆತ್ ಮತ್ತು ಆ್ಯಂಡ್ರೂ ಗಮ್ಲಿ 2012ರಲ್ಲಿ 14 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸ್ವಕರುಣೆ ಹೆಚ್ಚಿದ್ದಲ್ಲಿ ಖಿನ್ನತೆ, ಆತಂಕ ಕಡಿಮೆ ಎಂದು ತೋರಿಸಿದರು. ನಂಟು ಬಲವಾಗಿಯೇ ಇತ್ತು. ಆದರೆ ಖಿನ್ನತೆ ಇಲ್ಲದ್ದರಿಂದಲೇ ಕರುಣೆ ಸಾಧ್ಯವಾಗಿರಲೂಬಹುದಲ್ಲ? ಜೊತೆಗೆ ನೆಫ್ ಅವರ 26 ವಾಕ್ಯಗಳಲ್ಲಿ ಅರ್ಧ, ಅಂದರೆ 13, ಕರುಣೆಯ ಬಗ್ಗೆ ಕೇಳುವುದಿಲ್ಲ. ಹಳಿದುಕೊಳ್ಳುವುದು, ಒಂಟಿಯೆನಿಸುವುದು, ನೋವಿನಲ್ಲಿ ಮುಳುಗುವುದರ ಬಗ್ಗೆ ಕೇಳಿ ಉತ್ತರವನ್ನು ತಿರುಗಿಸಿ ಎಣಿಸುತ್ತವೆ. ಇದರಿಂದ ನಂಟು ಉಬ್ಬಿ ಕಾಣುತ್ತದೆ ಎಂಬುದು ನೆದರ್ಲೆಂಡ್ಸಿನ ಪೀಟರ್ ಮ್ಯೂರಿಸ್ ಅವರ ತಕರಾರು. ನೆಫ್ ಒಪ್ಪುವುದಿಲ್ಲ, ವಾದ ಇನ್ನೂ ನಡೆದಿದೆ. ಮ್ಯೂರಿಸ್ ಹೇಳುವುದರಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದ್ದರಿಂದ ಪ್ರಶ್ನಾವಳಿಯ ನಂಟಿಗಿಂತ, ಚೀಟಿ ಎತ್ತಿದ ಹಾಗೆ ಜನರನ್ನು ಗುಂಪುಗಳಿಗೆ ಹಂಚಿ, ಸ್ವಕರುಣೆ ಕಲಿಸಿ ನೋಡಿದ ಪ್ರಯೋಗಗಳು ಹೆಚ್ಚು ನಂಬಿಕೆಗೆ ಅರ್ಹ. ಮ್ಯಾಡಲೀನ್ ಫೆರಾರಿ ಮತ್ತು ಸಂಗಡಿಗರು 2019ರಲ್ಲಿ ಅಂಥ 27 ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಖಿನ್ನತೆ, ಆತಂಕ, ಆತ್ಮನಿಂದೆ ತಗ್ಗಿದ್ದು ಕಂಡಿತು.

ಇನ್ನೊಂದು ಫಲಿತಾಂಶ ನನಗೆ ಬಹಳ ಹಿಡಿಸಿದ್ದು, ಯಾಕೆಂದರೆ ಅದು ನಮ್ಮ ಹಿರಿಯರ ಭಯವನ್ನು ಅರ್ಧ ಸಮರ್ಥಿಸುತ್ತದೆ. ಲೆವಿ ಬೇಕರ್ ಮತ್ತು ಜೇಮ್ಸ್ ಮ್ಯಕ್‌ನಲ್ಟಿ 2011ರಲ್ಲಿ ದಾಂಪತ್ಯ ಮತ್ತು ಪ್ರೇಮಸಂಬಂಧಗಳಲ್ಲಿ ಸ್ವಕರುಣೆಯ ಪಾತ್ರವನ್ನು ಪರೀಕ್ಷಿಸಿದರು. ಹೆಂಗಸರಲ್ಲಿ ಅದರಿಂದ ಕೇಡಾದದ್ದು ಕಾಣಲಿಲ್ಲ. ಗಂಡಸರಲ್ಲಿ ಮಾತ್ರ ಅದು ಸ್ವಭಾವವನ್ನು ಅವಲಂಬಿಸಿತ್ತು. ಹಿಡಿದ ಕೆಲಸ ಮುಗಿಸುವ, ಹೊಣೆ ಅರಿತ ಗಂಡಸರು ಸ್ವಕರುಣೆ ಇದ್ದಾಗ ತಮ್ಮ ತಪ್ಪು ತಿದ್ದಿಕೊಳ್ಳಲು ಹೆಚ್ಚು ಮುಂದಾದರು. ಮೊದಲೇ ಹೊಣೆಗೇಡಿಗಳಾಗಿದ್ದವರು ಸ್ವಕರುಣೆ ಇದ್ದಾಗ ತಿದ್ದಿಕೊಳ್ಳುವ ಗೊಡವೆಗೇ ಹೋಗಲಿಲ್ಲ. ‘ಹೋಗಲಿ ಬಿಡು’ ಎಂಬ ಮಾತು ಯಾರ ಬಾಯಲ್ಲಿದೆ ಎಂಬುದರ ಮೇಲೆ ಅದರ ಬೆಲೆ. ಮೈಮುರಿದು ದುಡಿದು ಸೋತವರಿಗೆ ಅದು ಔಷಧ. ಹೆಂಡತಿಯ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದವನಿಗೆ ಬೇಕಾದದ್ದು ಬೇರೆ.

ಪೂರ್ವದವರು ಸ್ವಭಾವತಃ ಕರುಣೆಯವರು ಎಂಬ ಹೆಮ್ಮೆಗೂ ಆಧಾರವಿಲ್ಲ. ನೆಫ್ ಮತ್ತು ಸಂಗಡಿಗರು 2008ರಲ್ಲಿ ಅಮೆರಿಕ, ಥಾಯ್ಲೆಂಡ್, ತೈವಾನ್ ವಿದ್ಯಾರ್ಥಿಗಳನ್ನು ಹೋಲಿಸಿದಾಗ ಸ್ವಕರುಣೆ ಅತಿ ಹೆಚ್ಚು ಥಾಯ್ಲೆಂಡಿನಲ್ಲಿ, ಅತಿ ಕಡಿಮೆ ತೈವಾನಿನಲ್ಲಿ ಕಂಡಿತು. ಎರಡೂ ಏಷ್ಯಾದವೇ. ಭೂಪಟಕ್ಕಿಂತ ಮಕ್ಕಳನ್ನು ಬೆಳೆಸುವ ರೀತಿ ಮುಖ್ಯವೆಂದು ತೋರುತ್ತದೆ.

ಅದಕ್ಕೇ ಕೆಲವರಿಗೆ ಸ್ವಕರುಣೆಯ ಅಭ್ಯಾಸ ಆರಂಭದಲ್ಲಿ ಹಿತವಾಗುವುದೇ ಇಲ್ಲ. ಬೈಗುಳದಲ್ಲೇ ಬೆಳೆದವರಿಗೆ ಮೃದುವಾದ ಮಾತು ಅನುಮಾನ ಹುಟ್ಟಿಸುತ್ತದೆ, ಕೆಲವೊಮ್ಮೆ ಅಳು ಉಕ್ಕಿಸುತ್ತದೆ. ಕರುಣೆಗೇ ಹೆದರುವ ಈ ಸ್ವಭಾವವನ್ನು ಅಳೆಯಲು ಗಿಲ್ಬರ್ಟ್ ಬಳಗ 2011ರಲ್ಲಿ ಒಂದು ಮಾಪಕವನ್ನೇ ರೂಪಿಸಿತು. ತನ್ನ ಮೇಲಿನ ಕರುಣೆಗೆ ಹೆಚ್ಚು ಹೆದರುವವರೇ ಹೆಚ್ಚು ಹಳಿದುಕೊಳ್ಳುವವರು ಎಂಬುದು ಅದರಿಂದ ತಿಳಿಯಿತು. ನೆಫ್ ಜೊತೆ ಎಂಟು ವಾರದ ತರಬೇತಿ ರೂಪಿಸಿದ ಕ್ರಿಸ್ಟಫರ್ ಗರ್ಮರ್, ಇಂಥವರು ಅವಸರ ಮಾಡಬಾರದು, ತಾಳಿಕೊಳ್ಳುವಷ್ಟೇ ಮಾಡಬೇಕು ಎನ್ನುತ್ತಾರೆ.

ಮಾಡುವುದಾದರೂ ಏನನ್ನು? ಕೆನಡಾದ ಲಿಯಾ ಶಪೀರಾ ಮತ್ತು ಮಿರಿಯಮ್ ಮಾಂಗ್ರೈನ್ 2010ರಲ್ಲಿ ಪ್ರಕಟಿಸಿದ ಪ್ರಯೋಗ ತುಂಬ ಸರಳವಾದದ್ದು. ಏಳು ದಿನ, ದಿನಕ್ಕೊಂದು ಪತ್ರ. ಮನಸ್ಸಿಗೆ ನೋವಾದ ಒಂದು ಸಂಗತಿಯನ್ನು ನೆನೆದು, ನಿಮ್ಮನ್ನು ಬಲ್ಲ ಹಿತೈಷಿಯೊಬ್ಬರು ಬರೆದಂತೆ ನಿಮಗೇ ಬರೆದುಕೊಳ್ಳುವುದು. ಹಾಗೆ ಬರೆದವರಲ್ಲಿ ಖಿನ್ನತೆಯ ಲಕ್ಷಣಗಳು ಮೂರು ತಿಂಗಳವರೆಗೂ ಕಡಿಮೆಯಿದ್ದವು. ಮುಂದಿನ ದಿನಗಳ ಬಗ್ಗೆ ಭರವಸೆಯಿಂದ ಬರೆದ ಇನ್ನೊಂದು ಗುಂಪಿಗೂ ಉಪಯೋಗವಾಯಿತು ಎಂಬುದನ್ನೂ ಹೇಳಬೇಕು. ಕರುಣೆಯೊಂದೇ ದಾರಿಯಲ್ಲ.

ಬರೆಯಲು ಬೇಸರವಾದರೆ ಮಾತಾಡಿಕೊಳ್ಳಬಹುದು. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, ಭಾಷಣದಂಥ ಆತಂಕದ ಕೆಲಸಕ್ಕೆ ಮುನ್ನ ‘ನಾನು’ ಎನ್ನುವ ಬದಲು ತನ್ನನ್ನು ತಾನೇ ಹೆಸರು ಹಿಡಿದು ಮಾತಾಡಿಸಿಕೊಂಡವರು ಕಡಿಮೆ ಕಳವಳಪಟ್ಟರು, ಭಾಷಣವೂ ಚೆನ್ನಾಗಾಯಿತು. ಹೆಸರು ಹಿಡಿದ ಕೂಡಲೇ ಎದುರಿಗಿರುವುದು ಇನ್ನೊಬ್ಬರು ಎಂಬಂತಾಗುತ್ತದೆ, ಇನ್ನೊಬ್ಬರಿಗೆ ಬುದ್ಧಿ ಹೇಳುವುದರಲ್ಲಿ ನಾವು ನಿಸ್ಸೀಮರು. ಪಕ್ಕದ ಮನೆಯ ಹುಡುಗಿ ಪಿಯುಸಿಯಲ್ಲಿ ಫೇಲಾದರೆ ಏನನ್ನುತ್ತೇವೆ? ‘ಅಳಬೇಡ ಪುಟ್ಟಿ, ಯಾರಿಗೆ ಆಗಲ್ಲ ಹೇಳು. ಯಾವ ಸಬ್ಜೆಕ್ಟ್ ಹೋಯ್ತು? ಮತ್ತೆ ಪರೀಕ್ಷೆ ಕಟ್ಟು, ನಮ್ಮ ರಾಜು ಹೇಳಿಕೊಡ್ತಾನೆ.’ ನೆಫ್ ಹೇಳಿದ ಮೂರೂ ಈ ಮಾತಿನಲ್ಲಿವೆ, ಮುಂದೇನು ಮಾಡಬೇಕೆಂಬುದೂ ಇದೆ. ಇದೇ ಮಾತನ್ನು ನಿಮ್ಮ ಹೆಸರು ಸೇರಿಸಿ ನಿಮಗೇ ಹೇಳಿಕೊಳ್ಳಿ. ಮೊದಮೊದಲು ನಾಟಕದಂತೆ ಅನ್ನಿಸುತ್ತದೆ, ಅನ್ನಿಸಲಿ. ದನಿ ಮಾತ್ರ ಗದರಿಕೆಯದಾಗದಿರಲಿ.

ಮಾತೂ ಬಾರದ ಗಳಿಗೆಗಳಲ್ಲಿ ಅಂಗೈಯನ್ನು ಎದೆಯ ಮೇಲಿಟ್ಟುಕೊಳ್ಳುವುದಕ್ಕೂ ಅರ್ಥವಿದೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಆಲ್ಯೋಷಾ ಡ್ರೈಸ್ಯೋರ್ನರ್ ಮತ್ತು ಸಂಗಡಿಗರು 2021ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಒತ್ತಡದ ಪರೀಕ್ಷೆಗೆ ಮುನ್ನ ಹೀಗೆ ಮಾಡಿದವರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕಡಿಮೆ ಏರಿತ್ತು.

ಕೊನೆಗೊಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ಮನಸ್ಸು ಕುಸಿದೇ ಇದ್ದರೆ, ನಿದ್ರೆ ಊಟ ಕೆಟ್ಟಿದ್ದರೆ, ಬದುಕಿ ಫಲವಿಲ್ಲ ಎಂಬ ದನಿ ಒಳಗೆ ಕೇಳತೊಡಗಿದ್ದರೆ ಅದು ಬೈದುಕೊಳ್ಳುವ ಚಾಳಿಯಷ್ಟೇ ಅಲ್ಲ, ಕಾಯಿಲೆ. ಪತ್ರ ಬರೆದುಕೊಂಡು ಕೂರಬೇಡಿ, ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.